ಬೇವಿನ ಮರ ಕಂಡರೆ ಕೆಂಪಿಗೇರುವ ಮುಳ್ಳು

ಕಾರ್ಖಾನೆಯಲ್ಲಿದ್ದಷ್ಟು ಕಾಲವೂ ನಾನು ಮಾಡಿದ್ದು ಒಂದೇ ಕೆಲಸ: ಬಿಸಿ ಅಳೆಯುವ ಮೀಟರುಗಳ ರಿಪೇರಿ. ಹಾಗಾಗಿ ಅಪ್ಪನ ಹಳೆಯ ವ್ಯಾನಿನ ಟೆಂಪರೇಚರ್ ಮೀಟರು ತಂಟೆ ಶುರುಮಾಡಿದಾಗ ನಕ್ಕುಬಿಟ್ಟೆ. ಪಾಪ, ಯಾರ ಕೈಗೆ ಸಿಕ್ಕಿದ್ದೇನೆಂದು ಅದಕ್ಕೆ ಗೊತ್ತಿಲ್ಲ!

ವ್ಯಾನೆಂದರೆ ಬರೀ ವ್ಯಾನಲ್ಲ. ಒಳಗೆ ಎರಡು ಮಂಚ, ಸ್ಟೋವು, ಕಿಟಕಿಗೆ ಪರದೆ. ರೈಲ್ವೆಯಲ್ಲಿದ್ದ ಅಪ್ಪ ಮಣಿನಗರಕ್ಕೆ ವರ್ಗವಾಗಿ ಬಂದಮೇಲೆ ಮಾಡಿಸಿದ ಗಾಲಿ ಮೇಲಿನ ಮನೆ. ಬೇಸಿಗೆ ರಜೆಗೆ ಅದರಲ್ಲೇ ನಮ್ಮೂರು ದಾವಣಗೆರೆಗೆ ಹೋಗುತ್ತಿದ್ದೆವು. ಅಪ್ಪನಿಗೆ ರಸ್ತೆಯಲ್ಲೂ ಟೈಂಟೇಬಲ್ಲು. ಮಕ್ಕಳು ಅತ್ತರೂ ನಿಲ್ಲಿಸುವ ಪೈಕಿಯಲ್ಲ. ಮೀಟರಿನ ಮುಳ್ಳು ಕೆಂಪು ಮುಟ್ಟಿದರೆ ಮಾತ್ರ ಬ್ರೇಕು. ವಡೋದರಾ ದಾಟಿದ ಮೇಲೆ ಸಿಗುವ ಒಂದು ಬೇವಿನ ಮರದ ಬಳಿ ಅದು ತಪ್ಪದೆ ಮುಟ್ಟುತ್ತಿತ್ತು. ಎಂಜಿನ್ ತಣ್ಣಗಾಗುವ ತನಕ ಅಪ್ಪ ಅಲ್ಲಿ ಚಹಾ ಕುಡಿಯುತ್ತ ನನಗೂ ತಂಗಿಗೂ ಕಥೆ ಹೇಳುತ್ತಿದ್ದರು. ಅವಸರವಿಲ್ಲದ ಅಪ್ಪನನ್ನು ನಾನು ನೋಡಿದ್ದು ಆ ಮರದಡಿಯಲ್ಲಿ ಮಾತ್ರ.

ನಿವೃತ್ತನಾದ ಮೇಲೆ ವ್ಯಾನಿಗೆ ಮರುಜನ್ಮ ಕೊಟ್ಟೆ. ‘ಇದ್ದದ್ದೆಲ್ಲ ಇದ್ದಂತೆಯೇ ಇರತಕ್ಕದ್ದು’ ಎಂದು ಪ್ರತಿಜ್ಞೆ ಮಾಡಿ ಒಂದೊಂದು ವೈರನ್ನೂ ಇದ್ದಲ್ಲಿಗೇ ಜೋಡಿಸಿದೆ. ಎಡಗಡೆ ಸೀಟಿನ ಕೆಳಗೆ ಏತಕ್ಕೆಂದೇ ತಿಳಿಯದ ಒಂದು ಸ್ವಿಚ್ಚಿತ್ತು. ಅದನ್ನೂ ಒರೆಸಿ ಭಕ್ತಿಯಿಂದ ಕೂರಿಸಿದೆ!

ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೂರತ್ತಿನ ಉಧ್ನಾದಲ್ಲಿರುವ ತಂಗಿಯ ಮನೆಗೆ ಹೊರಟೆವು. ಬೇವಿನ ಮರ ಬಂತು. ಮುಳ್ಳು ಕೆಂಪಿಗೆ! ಮುಟ್ಟಿ ನೋಡಿದರೆ ರೇಡಿಯೇಟರ್ ಅಷ್ಟೇನೂ ಕಾದಿರಲಿಲ್ಲ. ಆದರೆ ಮೀಟರು ಬಿಟ್ಟು ಕೈಯನ್ನು ನಂಬುವವನು ಎಂಥ ಎಂಜಿನಿಯರು? ಟೋ ಗಾಡಿಯ ಹಿಂದೆ ಮೆರವಣಿಗೆಯಲ್ಲಿ ಮನೆಗೆ ಬಂದೆವು.

ಸೆನ್ಸರ್ ಬದಲಿಸಿ ಅಮ್ಮನೊಂದಿಗೆ ಮತ್ತೆ ಹೊರಟೆ. ಅದೇ ಮರ, ಅದೇ ಕೆಂಪು. ಮೀಟರನ್ನೇ ಬದಲಿಸಿದೆ. ಕೆಂಪು! ರೇಡಿಯೇಟರ್ ಬಿಚ್ಚಿ ತೊಳೆದೆ. ಆ ತುಕ್ಕುನೀರು ಪಕ್ಕದ ಮನೆಯವರು ಒಣಹಾಕಿದ್ದ ಹಪ್ಪಳದ ಮೇಲೆ ಹರಿದು, ಅವರು ಮಾತು ಬಿಟ್ಟರು. ನಾನೊಬ್ಬನೇ ಓಡಿಸಿದರೆ ಮುಳ್ಳು ಸಾಧುಪ್ರಾಣಿ. ಅಮ್ಮ ಹತ್ತಿದರೆ ಜ್ವರ!

“ಮುಂದಿನ ಸೀಟಿನ ಭಾರಕ್ಕೂ ಎಂಜಿನ್ನಿನ ಉಷ್ಣತೆಗೂ ನೇರ ಸಂಬಂಧವಿದೆ,” ಎಂದು ಹೆಂಡತಿ ವತ್ಸಲಾಗೆ ವಿವರಿಸಿದೆ.

“ಅತ್ತೆ ಇರೋದೇ ಒಂದು ಹಿಡಿ ರೀ! ನೋಡಿ, ಈ ಸಲವೂ ಉಧ್ನಾ ಮುಟ್ಟಲಿಲ್ಲ ಅಂದ್ರೆ ಗಾಡಿ ಗುಜರಿಗೆ. ಅಷ್ಟೇ!”

ಕೊನೆಯ ಯಾತ್ರೆ. ವತ್ಸಲಾ ಹಿಂದೆ, ಅಮ್ಮ ಮುಂದೆ. ಬೇವಿನ ಮರ. ಕೆಂಪು! ಚಹಾ ಅಂಗಡಿಯವನಿಗೂ ನಮ್ಮ ಪರಿಚಯವಾಗಿಬಿಟ್ಟಿತ್ತು. “ಗರಮ್ ಥಈ ಗಈ, ಕಾಕಾ?” ಗಾಡಿ ಮತ್ತೆ ಕಾದುಹೋಯಿತಾ ಎಂದು ನಕ್ಕ. ನನಗೆ ಅಳುವೇ ಬಂತು. ಅಪ್ಪನ ಗಾಡಿ! ಗುಜರಿಯವನಿಗೆ ಹೇಳೋಣವೆಂದು ಫೋನ್ ತೆಗೆದೆ.

ಅಮ್ಮ ನನ್ನ ಮುಖ ನೋಡಿ ಸೀಟಿನ ಕೆಳಗೆ ಕೈ ಹಾಕಿದಳು. ಟಕ್! ಮುಳ್ಳು ತೆಪ್ಪಗೆ ಕೆಳಗಿಳಿಯಿತು.

“ಗಾಡಿಗೇನೂ ಆಗಿಲ್ಲ ಕಣೋ. ಈ ಸ್ವಿಚ್ಚು ಮೆಕ್ಯಾನಿಕ್ಕಿಗೆ ಹೇಳಿ ನಾನೇ ಹಾಕಿಸಿದ್ದು. ಇಲ್ದಿದ್ರೆ ನಿಮ್ಮಪ್ಪ ಎಲ್ಲಾದ್ರೂ ನಿಲ್ಲಿಸ್ತಿದ್ರಾ?”

“ಅಪ್ಪನಿಗೆ ಗೊತ್ತಿತ್ತಾ?”

“ಪಾಪ, ಕೊನೇವರೆಗೂ ನೀರು ಹೊಯ್ದಿದ್ದೇ ಹೊಯ್ದಿದ್ದು!”

“ನನಗಾದ್ರೂ ಹೇಳಬಾರದಿತ್ತಾ?”

“ಹೇಳೋಷ್ಟರಲ್ಲಿ ನೀನು ಟೋ ಗಾಡಿಯವನಿಗೆ ಫೋನ್ ಮಾಡಿರ್ತಿದ್ದೆ. ಚಹಾ ಬೇಕು ಅಂದ್ರೆ ಉಧ್ನಾದಲ್ಲೇ ಕುಡಿಯೋಣ ಅಂತೀಯ. ಥೇಟ್ ನಿಮ್ಮಪ್ಪನೇ.” ಅಮ್ಮ ಮರದ ಕಡೆ ನೋಡಿದಳು. “ಅವರು ಮನಸಾರೆ ನಗ್ತಿದ್ದದ್ದು ಇಲ್ಲೇ ಅಲ್ವೇನೋ. ಒಂದು ಗಳಿಗೆ ಕೂರೋಣ ಅನ್ಸತ್ತೆ.”

ಫೋನನ್ನು ಜೇಬಿಗೆ ಹಾಕಿದೆ. ಮರದಡಿ ಕೂತು ಮೂವರೂ ಚಹಾ ಕುಡಿದೆವು. ಅಪ್ಪನ ಕಥೆಗಳಲ್ಲಿ ಒಂದನ್ನು ಅಮ್ಮ ಪೂರ್ತಿ ಹೇಳಿದಳು. ಸಂಜೆಗೆ ಉಧ್ನಾ ಮುಟ್ಟಿದೆವು.

ವಾಪಸು ಬರುವಾಗ ಅಮ್ಮ ಹಿಂದಿನ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದಳು. ಬೇವಿನ ಮರ ಕಂಡಿತು. ಮುಳ್ಳು ಸೀದಾ ಕೆಂಪಿಗೆ! ಮುಂದಿನ ಸೀಟಿನಲ್ಲಿದ್ದ ವತ್ಸಲಾ ಏನೂ ಅರಿಯದವಳಂತೆ ಕಿಟಕಿಯಾಚೆ ನೋಡುತ್ತಿದ್ದಳು. ಎಡಗೈ ಮಾತ್ರ ಸೀಟಿನ ಕೆಳಗಿತ್ತು.

ಮೀಟರು ತಜ್ಞನಾದ ನಾನು ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ನೀರು ಹೊಯ್ದೆ.