ಚಪ್ಪಲಿ ಕಾದ ಅಣ್ಣಯ್ಯ

ನಮ್ಮ ಅಣ್ಣಯ್ಯ ಯಾರ ಮನೆಗೆ ಹೋದರೂ ಕಾಲಿಂಗ್ ಬೆಲ್ ಒತ್ತುವ ಅಗತ್ಯವಿಲ್ಲ. ಹೊರಗೆ ನಿಂತು ಶೂ ಬಿಚ್ಚಿದರೆ ಸಾಕು, ಒಳಗಿದ್ದವರೇ ಎದ್ದು ಬರುತ್ತಾರೆ! ಕೆಲವರು ಬಾಗಿಲು ತೆಗೆಯುವುದಕ್ಕೆ, ಕೆಲವರು ಕಿಟಕಿ ತೆಗೆಯುವುದಕ್ಕೆ.

ಇಂಥ ಅಣ್ಣಯ್ಯ ಎಂಟು ತಿಂಗಳು ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ತಪ್ಪು ನನ್ನದು. ಅವನು ಮತ್ತೆ ಬರುತ್ತಾನೋ ಇಲ್ಲವೋ ಎಂಬ ಚಿಂತೆಯಲ್ಲಿ ಆ ಎಂಟು ತಿಂಗಳು ನಾನು ಪಟ್ಟ ಪಾಡು ಯಾರಿಗೂ ಬೇಡ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಮಾಡಿದ ತಪ್ಪನ್ನು ಒಪ್ಪಿಕೊಳ್ಳಲು ಅಷ್ಟು ಓದು ಸಾಕು ಅಂತ ಬರೆಯುತ್ತಿದ್ದೇನೆ.

ನಾವು ಶಿರಾ ಕಡೆಯವರು. ನನ್ನನ್ನು ವಿಜಯವಾಡದ ತೆಲುಗರ ಮನೆಗೆ ಮದುವೆ ಮಾಡಿಕೊಟ್ಟಾಗ ನನಗೆ ತೆಲುಗಿನಲ್ಲಿ ಬರುತ್ತಿದ್ದದ್ದು ಹೌದು ಅನ್ನುವ 'ಅವುನು' ಒಂದೇ. ಏನು ಕೇಳಿದರೂ ಅವುನು, ಅವುನು! ತಂಗಿ ಭಾಷೆ ಬಾರದ ಊರಲ್ಲಿ ಒಬ್ಬಳೇ ಆಗುತ್ತಾಳೆ ಅಂತ ಅಣ್ಣಯ್ಯ ಇದ್ದ ಕೆಲಸ ಬಿಟ್ಟು ವಿಶಾಖಪಟ್ಟಣದಲ್ಲಿ ಫಿಟ್ಟರ್ ಕೆಲಸಕ್ಕೆ ಸೇರಿದ. ಎರಡೂ ಆಂಧ್ರದ ಊರು, ಸಂಜೆ ಸೈಕಲ್ ಹತ್ತಿ ಬಂದು ತಂಗಿಯನ್ನು ನೋಡಿ ಹೋಗಬಹುದು ಅಂದುಕೊಂಡಿದ್ದನಂತೆ! ರೈಲಿನಲ್ಲಿ ಆರು ಗಂಟೆಯ ದಾರಿ ಅಂತ ಗೊತ್ತಾಗುವ ಹೊತ್ತಿಗೆ ವಿಶಾಖಪಟ್ಟಣದ ಗಾಜುವಾಕದಲ್ಲಿ ಬಾಡಿಗೆ ಮನೆ ಹಿಡಿದು ಹಾಲು ಉಕ್ಕಿಸಿಯಾಗಿತ್ತು.

ಆ ಕೆಲಸಕ್ಕೆ ಕಬ್ಬಿಣದ ಮೂತಿಯ ಶೂ ಕಡ್ಡಾಯ. ಸಮುದ್ರದ ಊರಿನ ಸೆಕೆಯಲ್ಲಿ ಇಡೀ ದಿನ ಅದರೊಳಗೆ ಬೆಂದ ಪಾದ ಎಂಥ ಪರಿಮಳ ಬೀರಬೇಕು, ನೀವೇ ಹೇಳಿ. ಅಂಗಾಲಿನಲ್ಲಿ ಆಣಿ ಬೇರೆ. ಒಂದಲ್ಲ, ಎರಡಲ್ಲ. ಹಿಮ್ಮಡಿಯಂತೂ ದಡ್ಡುಗಟ್ಟಿ, ಮೇಲೆ ತೆಂಗಿನಕಾಯಿ ಒಡೆಯಬಹುದು!

ಡಾಕ್ಟರ ಹತ್ತಿರ ಹೋಗು ಎಂದರೆ ಅಣ್ಣಯ್ಯನದು ಒಂದೇ ಮಾತು: "ನನ್ನ ಕಾಲು ನನಗಿಂತ ಚೆನ್ನಾಗಿ ಅವರಿಗೇನಮ್ಮ ಗೊತ್ತು?" ಹಾಗಾಗಿ ಮನೆಮದ್ದು ಶುರುವಾಯಿತು. ಬೇವಿನ ಸೊಪ್ಪು, ಕ್ಷೌರದಂಗಡಿಯ ಪಟಿಕ, ಅಡಿಗೆ ಸೋಡ, ನಿಂಬೆ ಸಿಪ್ಪೆ, ಹರಳೆಣ್ಣೆ. ಅತ್ತಿಗೆ ಅಡಿಗೆಮನೆಗೆ ತಂದದ್ದೆಲ್ಲ ಮೊದಲು ಅವನ ಕಾಲಿಗೆ, ಉಳಿದರೆ ಸಾರಿಗೆ. ಆಣಿ ಮೆತ್ತಗಾಗಲಿ ಅಂತ ಒಮ್ಮೆ ಈರುಳ್ಳಿ ಬಿಲ್ಲೆಯನ್ನು ಅಂಗಾಲಿಗೆ ಕಟ್ಟಿ, ಮೇಲೆ ಸಾಕ್ಸ್ ಏರಿಸಿ ಕೆಲಸಕ್ಕೆ ಹೋದ. ಊಟದ ಹೊತ್ತಿಗೆ ಜೊತೆಯವರೆಲ್ಲ ಯಾರ ಡಬ್ಬಿಯಲ್ಲಿ ಪಕೋಡ ಇದೆ ಅಂತ ಹುಡುಕಾಡಿದರಂತೆ!

ಇನ್ನೊಂದು ಸಲ ಕಾಲು ನೆನೆಸಲು ಕಾಯಿಸಿಟ್ಟಿದ್ದ ಚಹಾ ಡಿಕಾಕ್ಷನ್ನಿಗೆ ಅತ್ತಿಗೆ ತಿಳಿಯದೆ ಹಾಲು ಬೆರೆಸಿ ಮನೆ ಮಾಲೀಕರಿಗೆ ಕೊಟ್ಟರು. ಅವರು ಎರಡು ಲೋಟ ಕುಡಿದು "ಬಾಗುಂದಮ್ಮಾ" ಅಂದು ಹೊಗಳಿ ಹೋದರು. ಅಣ್ಣಯ್ಯ ಅಷ್ಟರಲ್ಲಿ ಅದರಲ್ಲಿ ಕಾಲು ಅದ್ದಿದ್ದನೇ? ಇಲ್ಲ ಎನ್ನುತ್ತಾನೆ ಅಣ್ಣಯ್ಯ. ಅತ್ತಿಗೆ ಏನೂ ಹೇಳುವುದಿಲ್ಲ!

ಪ್ರತಿ ಎರಡು ತಿಂಗಳಿಗೊಮ್ಮೆ ಕ್ಯಾನಿನಲ್ಲಿ ಸಮುದ್ರದ ನೀರು ತುಂಬಿಕೊಂಡು ವಿಜಯವಾಡಕ್ಕೆ ಬರುತ್ತಿದ್ದ. ಸಮುದ್ರದ ನೀರು ವಾಸನೆಗೆ, ಕೃಷ್ಣಾ ನದಿಯ ನೀರು ಆಣಿಗೆ, ಎರಡನ್ನೂ ಬೆರೆಸಿ ಕಾಯಿಸಿದರೆ ರೋಗಕ್ಕೆ ಉಳಿಗಾಲವಿಲ್ಲ ಎಂಬುದು ಅವನ ಸಂಶೋಧನೆ.

"ರೈಲಲ್ಲಿ ಸೀಟು ಸಿಕ್ಕಿತಾ ಅಣ್ಣಯ್ಯ?" ಎಂದು ಕೇಳಿದರೆ, "ಹತ್ತಿದಾಗ ಇರಲಿಲ್ಲ ಕಣಮ್ಮ. ಶೂ ಬಿಚ್ಚಿದೆ ನೋಡು, ಪಾಪ ಎಲ್ಲರೂ ಜಾಗ ಬಿಟ್ಟರು. ಈ ಕಡೆ ಜನ ತುಂಬಾ ಮರ್ಯಾದಸ್ಥರು" ಎನ್ನುತ್ತಿದ್ದ.

ಹೀಗೆ ನಗುತ್ತಲೇ ಇರಬಹುದಿತ್ತು. ಅಷ್ಟರಲ್ಲಿ ನಾವು ಹೊಸ ಮನೆ ಕಟ್ಟಿದೆವು. ಗೃಹಪ್ರವೇಶ ಬಂತು.

ಗೃಹಪ್ರವೇಶ ಅಂದರೆ ಎಲ್ಲರೂ ಬರಿಗಾಲು. ಕಿಟಕಿಗಳಿಗೆಲ್ಲ ಹೂವಿನ ಪರದೆ, ಒಳಗೆ ಹೋಮದ ಬಿಸಿ. ಎಲ್ಲಕ್ಕಿಂತ ದೊಡ್ಡ ಭಯ ನಮ್ಮ ಅತ್ತೆಯವರ ಮೂಗು! ಎದುರುಮನೆಯ ಸಾರಿಗೆ ಇಂಗು ಕಡಿಮೆಯಾದರೆ ನಮ್ಮ ವರಾಂಡದಲ್ಲಿ ಕೂತು ಹೇಳುವ ಮೂಗು ಅದು. ಅಣ್ಣಯ್ಯ ತವರಿನ ಸೀರೆ ಹಿಡಿದು ಆಟೋ ಇಳಿದು ಶೂ ಬಿಚ್ಚಿದ. ಒಳಗಿನಿಂದ "ಏಮಿಟಿ ಆ ವಾಸನ?" ಎಂದು ಅತ್ತೆಯವರ ದನಿ ಬಂತು. ನಾನು ಬಾಗಿಲಿಗೆ ಓಡಿದೆ.

"ಅಣ್ಣಯ್ಯ, ಈ ಬೀದೀಲಿ ನಾಯಿಗಳು ಚಪ್ಪಲಿ ಕಚ್ಕೊಂಡು ಹೋಗ್ತಾವೆ. ಸ್ವಲ್ಪ ಇಲ್ಲೇ ಕೂತು ನೋಡ್ಕೋತೀಯಾ?"

ಸೀರೆ ಕೊಡಬೇಕಾದವನು, ನನ್ನ ಪಕ್ಕದಲ್ಲಿ ನಿಲ್ಲಬೇಕಾದವನು. ಒಂದು ಗಳಿಗೆ ನನ್ನನ್ನೇ ನೋಡಿದ. ಸೀರೆಯನ್ನು ಹೊಸ್ತಿಲಾಚೆಯಿಂದಲೇ ನನ್ನ ಕೈಗಿಟ್ಟು, ಪ್ಲಾಸ್ಟಿಕ್ ಕುರ್ಚಿ ಎಳೆದು ಚಪ್ಪಲಿ ರಾಶಿಯ ಮುಂದೆ ಕೂತ.

ಸುಮ್ಮನೆ ಕೂರುವ ಆಸಾಮಿಯೇ ಅವನು? ಅರ್ಧ ಗಂಟೆಯಲ್ಲಿ ಚಪ್ಪಲಿ ನೋಡಿ ಭವಿಷ್ಯ ಹೇಳಲು ಶುರು ಮಾಡಿದ! "ಈ ಚಪ್ಪಲಿ ಯಾರದ್ರೀ? ಬಲಗಡೆ ಸವೆದಿದೆ, ನಿಮಗೆ ಹೆಬ್ಬೆರಳ ಕೆಳಗೆ ಆಣಿ ಇರಬೇಕಲ್ಲ?" ಕನ್ನಡಕ್ಕೆ ತೆಲುಗು ಬೆರೆಸಿ ಅವನು ಹೇಳಿದ್ದು ಎಲ್ಲರಿಗೂ ಅರ್ಥವಾಯಿತು. ಊಟ ಮುಗಿಸಿದವರು ತಾಂಬೂಲ ಹಿಡಿದು ಅವನ ಮುಂದೆ ಸಾಲು ನಿಂತರು. ಕೊನೆಗೆ ನಮ್ಮ ಅತ್ತೆಯವರೇ ಹೊರಗೆ ಬಂದು ಹಿಮ್ಮಡಿಯ ಬಿರುಕು ತೋರಿಸಿ ಹರಳೆಣ್ಣೆಯ ಮದ್ದು ಕೇಳಿಕೊಂಡರು!

ಊಟಕ್ಕೆ ಕರೆದರೆ, "ಇಲ್ಲೇ ಎಲೆ ಹಾಕಮ್ಮ, ಚಪ್ಪಲಿ ಬಿಟ್ಟು ಬರೋದು ಹೆಂಗೆ?" ಅಂದ. ನಾನು ಹಾಕಿದೆ. ಹೌದು, ನನ್ನ ಒಡಹುಟ್ಟಿದವನಿಗೆ ಚಪ್ಪಲಿಗಳ ನಡುವೆ ನಾನೇ ಎಲೆ ಹಾಕಿದೆ. ಸಂಜೆ ಹೊರಡುವಾಗ, "ಮನೆ ಚೆನ್ನಾಗಿದೆ ಕಣಮ್ಮ. ದೇವರಮನೆಯಂತೂ ಲಕ್ಷಣವಾಗಿದೆ" ಅಂದು ಹೋದ. ಅವನು ದೇವರಮನೆ ನೋಡಿಯೇ ಇರಲಿಲ್ಲ!

ಆಮೇಲೆ ಎರಡು ತಿಂಗಳಾಯಿತು, ನಾಲ್ಕಾಯಿತು, ಅವನು ಬರಲಿಲ್ಲ. ಫೋನಿನಲ್ಲಿ ಮಾತ್ರ ಚೆನ್ನಾಗಿಯೇ ಮಾತಾಡುತ್ತಿದ್ದ. ಬಾ ಎಂದರೆ "ಬರ್ತೀನಿ, ಬರ್ತೀನಿ" ಎನ್ನುತ್ತಿದ್ದ. ಅತ್ತ ಅತ್ತೆಯವರ ಹಿಮ್ಮಡಿ ವಾಸಿಯಾಗಿ, "ಮೀ ಅನ್ನಯ್ಯ ರಾಲೇದೇಂಟಿ?" ಎಂದು ದಿನಾ ವಿಚಾರಣೆ. ಯಾಕೆ ಬರಲಿಲ್ಲ ಅಂತ ಯಾವ ಬಾಯಿಂದ ಹೇಳಲಿ? ಕೊನೆಗೆ ತಡೆಯಲಾಗದೆ ನಾನೇ ರೈಲು ಹತ್ತಿ ಗಾಜುವಾಕಕ್ಕೆ ಹೋದೆ.

ಅಣ್ಣಯ್ಯ ಅಂದು ರಜೆಯಲ್ಲಿದ್ದ. ಬಕೆಟ್ಟಿನ ಡಿಕಾಕ್ಷನ್ನಿನಲ್ಲಿ ಕಾಲಿಟ್ಟುಕೊಂಡು ಟಿವಿ ನೋಡುತ್ತಿದ್ದ. ನಾನು ಚೀಲ ಕೆಳಗಿಡುವ ಮೊದಲೇ ಅಂದುಬಿಟ್ಟೆ: "ಅಣ್ಣಯ್ಯ, ಅವತ್ತು ನಾಯಿ ಗೀಯಿ ಏನೂ ಇರಲಿಲ್ಲ. ನಾನು ಸುಳ್ಳು ಹೇಳಿದೆ."

"ಗೊತ್ತು ಬಿಡಮ್ಮ. ನಾನು ಶೂ ಬಿಚ್ಚಿ ಕೂತಿರುವಾಗ ಯಾವ ನಾಯಿ ಬಂದೀತು?"

"ನನ್ನ ಮೇಲೆ ಕೋಪ ಅಲ್ವಾ? ಅದಕ್ಕೇ ಬರಲಿಲ್ಲ."

"ಕೋಪ ಯಾತಕ್ಕೆ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಹೊಸ ಮನೆ. ನಿಮ್ಮ ಅತ್ತೆ ಮುಂದೆ ನಿನಗೆ ತಲೆ ತಗ್ಗಬಾರದು. ವಾಸನೆ ಪೂರ್ತಿ ಹೋದಮೇಲೆ ಬರೋಣ ಅಂತ ಇದ್ದೆ, ಅಷ್ಟೇ."

ಅತ್ತಿಗೆ ಬಾಗಿಲ ಬಳಿ ನಿಂತು ಹೇಳಿದರು, "ಎಂಟು ತಿಂಗಳಿಂದ ಒಂದು ದಿನ ತಪ್ಪಿಸಿಲ್ಲ ಕಣೇ. ಜ್ವರ ಬಂದಾಗಲೂ ಬಕೆಟ್ಟೇ. ದಿನಾ ನನ್ನ ಕೇಳ್ತಾರೆ, ಇವತ್ತು ಹೋಗಬಹುದಾ ಅಂತ."

ಅಣ್ಣಯ್ಯ ಬಕೆಟ್ಟಿನಿಂದ ಒಂದು ಕಾಲನ್ನು ಮೆಲ್ಲಗೆ ಎತ್ತಿದ. ಪರೀಕ್ಷೆ ಬರೆದ ಹುಡುಗನ ಹಾಗೆ ನನ್ನ ಮುಖ ನೋಡಿದ. "ಈಗ ನೀನೇ ನೋಡಿ ಹೇಳು. ಹೋಗಿದೆಯಾ?"

ನಾನು ನೆಲದ ಮೇಲೆ ಕೂತು ಆ ಒದ್ದೆ ಪಾದವನ್ನು ಮಡಿಲಿಗೆ ಎಳೆದುಕೊಂಡೆ. ಎಷ್ಟು ಒರಟು! ಸೆರಗಿನಿಂದ ಒರೆಸಿದೆ, ಬಗ್ಗಿ ಮೂಸಿದೆ.

"ಹೋಗಿದೆ ಅಣ್ಣಯ್ಯ. ಒಂಚೂರೂ ಇಲ್ಲ."

ನಿಜ ಹೇಳಬೇಕೆಂದರೆ ನನಗೇನೂ ಗೊತ್ತಾಗಲಿಲ್ಲ. ಅತ್ತು ಅತ್ತು ನನ್ನ ಮೂಗು ಪೂರ್ತಿ ಕಟ್ಟಿಹೋಗಿತ್ತು.

ಅಣ್ಣಯ್ಯ ಇನ್ನೊಂದು ಕಾಲನ್ನೂ ಬಕೆಟ್ಟಿನಿಂದ ತೆಗೆದ. "ಏ, ಕೇಳಿಸ್ತೇನೇ?" ಎಂದು ಅತ್ತಿಗೆಯ ಕಡೆ ತಿರುಗಿದ. "ನನ್ನ ಬ್ಯಾಗಿಗೆ ಎರಡು ಶರ್ಟು ಹಾಕು. ತಂಗಿ ಮನೆಗೆ ಹೋಗಬೇಕು."