ಹಳೇ ಲ್ಯಾಪ್‌ಟಾಪಿಗೆ ಹೊಸ ಅಪ್‌ಡೇಟು

ವಿಜಯನಗರದಲ್ಲಿ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ಒಂದು ಟೇಬಲ್ಲು, ಒಂದು ಫ್ಯಾನು, ಗೋಡೆ ತುಂಬ ನೇತಾಡೋ ಚಾರ್ಜರುಗಳು. ಹೊಸ ಲ್ಯಾಪ್‌ಟಾಪಿನವರು ಇತ್ತ ತಲೆ ಹಾಕೋದಿಲ್ಲ. ಬರೋರೆಲ್ಲ ಹಳೇ ಲ್ಯಾಪ್‌ಟಾಪಿನವರೇ, ಹೇಳೋದೆಲ್ಲ ಒಂದೇ ಮಾತು: “ಮೇಡಂ, ನಿನ್ನೆವರೆಗೂ ಚೆನ್ನಾಗಿತ್ತು. ಅಪ್‌ಡೇಟ್ ಅಂತ ಏನೋ ಬಂತು, ಅಲ್ಲಿಂದ ಶುರುವಾಯ್ತು.” ಹೊಸ ಅಪ್‌ಡೇಟು ಹಳೇ ಮೆಷಿನ್ನಿಗೆ ಒಗ್ಗದೆ ಅರ್ಧದಲ್ಲೇ ಕೈಕೊಡುತ್ತೆ. ಅದನ್ನ ಸರಿ ಮಾಡೋದು ಅಂಥ ಕಷ್ಟವೇನಲ್ಲ. ಅದನ್ನ ತಂದವರ ಮುಂದೆ ನಗು ತಡ್ಕೊಂಡು ಕೂತಿರೋದಿದೆಯಲ್ಲ, ಅದು ಕಷ್ಟ. ವಾರಕ್ಕೊಂದಾದರೂ ಇಂಥದ್ದು ನಡೀತಾನೇ ಇರುತ್ತೆ.

ಆಟೋದಲ್ಲಿ ಬಂದ ಅಪ್‌ಡೇಟು

ಒಂದು ಮಧ್ಯಾಹ್ನ ಅಂಗಡಿ ಮುಂದೆ ಆಟೋ ಬಂದು ನಿಂತಿತು. ಒಳಗಿದ್ದ ಹಿರಿಯರು ಇಳೀಲೇ ಇಲ್ಲ. ಬಸವೇಶ್ವರನಗರದವರು, ರಿಟೈರಾದ ಸರ್ಕಾರಿ ಅಧಿಕಾರಿ, ನನ್ನ ಹಳೇ ಗಿರಾಕಿ. ತೊಡೆ ಮೇಲೆ ಲ್ಯಾಪ್‌ಟಾಪು ತೆರೆದೇ ಇತ್ತು. ತುಂಬಿದ ಪಾಯಸದ ಪಾತ್ರೆ ಹಿಡಿದ ಹಾಗೆ ಅದನ್ನ ಎರಡೂ ಕೈಯಲ್ಲಿ ಹಿಡ್ಕೊಂಡಿದ್ದರು.

“ಯಾಕೆ ಸಾರ್, ಮುಚ್ಚಿ ಬ್ಯಾಗಲ್ಲಿ ತರಬಾರದಿತ್ತಾ?”

“ಅಯ್ಯೋ, ಇಲ್ಲಿ ಓದಮ್ಮಾ! ‘ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ’ ಅಂತ ಬರೆದಿದೆ. ಬೆಳಿಗ್ಗೆಯಿಂದ ಮೂವತ್ತು ಪರ್ಸೆಂಟಿಗೇ ನಿಂತುಬಿಟ್ಟಿದೆ. ಮುಚ್ಚಿದ್ರೆ ಆಫ್ ಆಗಲ್ವಾ? ಮೊಮ್ಮಗಳ ನಾಮಕರಣದ ಫೋಟೋ ಎಲ್ಲಾ ಇದರಲ್ಲೇ ಇದೆ ಕಣಮ್ಮಾ.”

ದಾರಿಯುದ್ದಕ್ಕೂ ಹಂಪು ಬಂದಾಗೆಲ್ಲ ಇವರು “ನಿಧಾನ, ನಿಧಾನ” ಅಂದಿದ್ದರಂತೆ. ಸಿಗ್ನಲ್ ಬಿದ್ದಾಗೆಲ್ಲ ಡ್ರೈವರ್ ಹಿಂದೆ ತಿರುಗಿ “ಮುಂದಕ್ಕೆ ಹೋಯ್ತಾ ಸಾರ್?” ಅಂತ ವಿಚಾರಿಸಿಕೊಂಡಿದ್ದನಂತೆ. ಮನೆ ಬಿಟ್ಟು ಇಲ್ಲಿಗೆ ಬರುವಷ್ಟರಲ್ಲಿ ಅವನಿಗೂ ಅದು ಸ್ವಂತದ ಚಿಂತೆಯಾಗಿತ್ತು.

ನಾನು ಹುಷಾರಾಗಿ ಲ್ಯಾಪ್‌ಟಾಪನ್ನ ಕೈಗೆ ತಗೊಂಡೆ. ಅವರು ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು, ಜೇಬಿಗೆ ಕೈ ಹಾಕಿ ಕೇಳಿದರು: “ಎಷ್ಟಾಯ್ತಪ್ಪಾ?”

ಡ್ರೈವರ್ ಮೀಟರ್ ಕಡೆ ನೋಡಲೇ ಇಲ್ಲ. ನನ್ನ ಕೈಲಿದ್ದ ಸ್ಕ್ರೀನಿಗೆ ಬಗ್ಗಿ ನೋಡಿ, ಬೇಜಾರಲ್ಲಿ ತಲೆ ಆಡಿಸಿದ.

“ಇನ್ನೂ ಮೂವತ್ತೇ ಸಾರ್.”

ಜಾಗ ಖಾಲಿ ಮಾಡಿ

ಆ ನಾಮಕರಣದ ಫೋಟೋಗಳೆಲ್ಲ ಕ್ಷೇಮವಾಗಿ ಉಳಿದವು, ಅದು ಬೇರೆ ಮಾತು. ರಾಜಾಜಿನಗರದ ಆಂಟಿಯೊಬ್ಬರದು ಇನ್ನೊಂದು ಥರ. ಅವರು ಮನೆಯಿಂದಲೇ ಆನ್‌ಲೈನಲ್ಲಿ ವಚನ ಹಾಡೋದು ಕಲಿಸ್ತಾರೆ. ಒಂದು ಬೆಳಿಗ್ಗೆ ಫೋನ್ ಮಾಡಿದರು.

“ಅಪ್‌ಡೇಟ್ ಆಗ್ತಾನೇ ಇಲ್ಲ ಕಣಮ್ಮಾ. ಸಾಯಂಕಾಲ ಕ್ಲಾಸಿದೆ, ಮಕ್ಕಳು ಕಾಯ್ತಾರೆ.”

“ಏನಂತ ತೋರಿಸ್ತಿದೆ ಆಂಟಿ?”

“ಜಾಗ ಸಾಲದು ಅಂತಿದೆ.”

“ಹಾಗಾದ್ರೆ ಸ್ವಲ್ಪ ಜಾಗ ಖಾಲಿ ಮಾಡಿಟ್ಟಿರಿ. ಬೇಡದ್ದೆಲ್ಲ ತೆಗೆದುಬಿಡಿ. ಊಟ ಮುಗಿಸಿ ನಾನೇ ಬರ್ತೀನಿ.”

“ಎಷ್ಟು ಬೇಕಾಗುತ್ತೆ?”

“ಎಷ್ಟಾದ್ರೆ ಅಷ್ಟು ಒಳ್ಳೇದು ಆಂಟಿ.”

ನಾನು ಹೇಳಿದ್ದು ಲ್ಯಾಪ್‌ಟಾಪಿನೊಳಗೆ ತುಂಬಿಕೊಂಡಿದ್ದ ಹಳೇ ವಿಡಿಯೋಗಳನ್ನ ಅಳಿಸಿ ಅಂತ. ಹೋಗಿ ನೋಡಿದರೆ ಹಾಲ್ ಬಟಾಬಯಲು. ಸೋಫಾ ಇಲ್ಲ, ಟೀಪಾಯಿ ಇಲ್ಲ, ಶೋಕೇಸಿನ ಗೊಂಬೆಗಳೂ ಇಲ್ಲ. ನಟ್ಟನಡುವೆ ಒಂದು ಮಣೆ, ಮಣೆ ಮೇಲೆ ಲ್ಯಾಪ್‌ಟಾಪು.

“ಇಷ್ಟು ಸಾಕಾ, ಇಲ್ಲಾ ಊಟದ ಟೇಬಲ್ಲೂ ಆಚೆ ಹಾಕ್ಲಾ?” ಅಂದರು. ಸೆರಗಿನಲ್ಲಿ ಬೆವರು ಒರೆಸಿಕೊಳ್ತಾ ನಿಂತಿದ್ದವರಿಗೆ ನಿಜ ಹೇಳೋಕೆ ನನಗೆ ಬಾಯಿ ಬರಲಿಲ್ಲ. “ಧಾರಾಳವಾಯ್ತು ಆಂಟಿ” ಅಂತ ಕೂತು, ವಿಡಿಯೋಗಳನ್ನೆಲ್ಲ ಪೆನ್‌ಡ್ರೈವಿಗೆ ಸಾಗಿಸಿದೆ. ಅಪ್‌ಡೇಟು ತಕರಾರಿಲ್ಲದೆ ಆಯಿತು.

“ನೋಡಿದ್ಯಾ, ಸ್ವಲ್ಪ ಗಾಳಿ ಆಡಿದ ತಕ್ಷಣ ಆಗೋಯ್ತು!” ಅಂತ ಆಂಟಿಗೆ ಸಂಭ್ರಮ.

ಅಷ್ಟರಲ್ಲಿ ಬಾಲ್ಕನಿಯಿಂದ ಒಂದು ದನಿ ಬಂತು. ಸೋಫಾ, ಟೀಪಾಯಿಗಳ ಸಂದಿಯಲ್ಲಿ ಪೇಪರ್ ಹಿಡಿದು ಅವರ ಯಜಮಾನರು ಕೂತಿದ್ದರು.

“ಆಯ್ತು ಅಂದ್ರೆ ನಾನು ಒಳಗೆ ಬರಬಹುದೇನಮ್ಮಾ? ಬೇಡದ್ದೆಲ್ಲ ತೆಗೆದುಬಿಡಿ ಅಂದ್ಯಂತಲ್ಲ, ಇವಳು ಮೊದಲು ತೆಗೆದಿದ್ದು ನನ್ನನ್ನೇ.”

ಅಣ್ಣನ ಪಾಸ್‌ವರ್ಡು

ಶ್ರೀಗಂಧದ ಕಾವಲ್ ಕಡೆ ಪಿ.ಜಿ.ಯಲ್ಲಿರೋ ಹುಡುಗ, ಊರು ಬಾಗಲಕೋಟೆ ಹತ್ತಿರ. ಮಾರನೇ ದಿನ ಆನ್‌ಲೈನ್ ಇಂಟರ್‌ವ್ಯೂ ಇತ್ತು. ಓಡೋಡಿ ಬಂದ.

“ಮೇಡಂ, ಇದು ತುಮಕೂರು ದಾಟ್ತೈತ್ರಿ, ದಾವಣಗೆರಿ ದಾಟ್ತೈತ್ರಿ, ಇನ್ನೇನ್ ಹುಬ್ಬಳ್ಳಿ ಬಂತು ಅನ್ನೂದ್ರಾಗ ಹೊಳ್ಳಿ ಬೆಂಗಳೂರಿಗೇ ಬಂದ್ ಬಿಡ್ತೈತ್ರಿ.”

ಅಂದರೆ, ಅಪ್‌ಡೇಟು ಕೊನೇವರೆಗೂ ಹೋಗಿ, ಅಲ್ಲಿ ಕೆಟ್ಟು, ಮತ್ತೆ ಮೊದಲಿದ್ದ ಸ್ಥಿತಿಗೇ ವಾಪಸ್ ಬರ್ತಿತ್ತು. ಲ್ಯಾಪ್‌ಟಾಪು ಅವನ ಅಣ್ಣ ಬಳಸಿ ಕೊಟ್ಟದ್ದು, ಇವನಿಗಿದ್ದದ್ದು ಗೆಸ್ಟ್ ಲಾಗಿನ್ ಮಾತ್ರ. ಸರಿ ಮಾಡೋಕೆ ಆ ಅಣ್ಣನ ಪಾಸ್‌ವರ್ಡ್ ಬೇಕಿತ್ತು.

“ಅಣ್ಣಂಗೆ ಒಂದು ಫೋನ್ ಮಾಡಿ ಕೇಳಿ.”

“ಆಗೂದಿಲ್ರಿ. ಬೈಕ್ ಸಂಬಂಧ ಜಗಳಾ ಆಗೇತ್ರಿ. ಯುಗಾದಿಯಿಂದ ಮಾತ ಬಿಟ್ಟೀವಿ.”

ತಪ್ಪು ಪಾಸ್‌ವರ್ಡ್ ಹಾಕಿದರೆ ಕೆಳಗೊಂದು ಹಿಂಟ್ ಕಾಣಿಸುತ್ತೆ. ಅಣ್ಣ ಇಟ್ಟಿದ್ದ ಹಿಂಟು: ‘ಮನ್ಯಾಗ ಎಲ್ಲಾರಕಿಂತ ದಡ್ಡ ಯಾರು?’

ಹುಡುಗನ ಮುಖ ಅರಳಿತು. “ಇದು ನನಗ ಗೊತ್ತೈತಿ!” ಅಂತ ಕಾಕಾನ ಹೆಸರು ಹಾಕಿದ. ತೆರೀಲಿಲ್ಲ. ಸೋದರಮಾವನ ಹೆಸರು ಹಾಕಿದ. ಊಹೂಂ. ಅತ್ತಿಗೆ ಹೆಸರು ಹಾಕುವ ಮುಂಚೆ ಒಂದು ಸಲ ಬಾಗಿಲ ಕಡೆ ನೋಡಿಕೊಂಡ. ಅದೂ ಅಲ್ಲ. ಕೊನೆಗೆ ಮನೆಯ ಎಮ್ಮೆ ಹೆಸರೂ ಆಯಿತು.

“ಬೇಜಾರ್ ಮಾಡ್ಕೋಬೇಡಿ, ನಿಮ್ಮ ಹೆಸರು ಹಾಕಿ ನೋಡಿ” ಅಂದೆ ಮೆಲ್ಲಗೆ.

ಹಾಕಿದ. ತೆರೆಯಿತು.

ತಕ್ಷಣ ಫೋನ್ ತೆಗೆದು ಅಣ್ಣನಿಗೇ ಹಚ್ಚಿದ. “ಯಣ್ಣಾ, ನನ್ನ ಹೆಸರ ಇಟ್ಟೀಯಲ್ಲೋ!” ಆ ಕಡೆಯಿಂದ ಬಂದ ನಗು ನನಗೂ ಕೇಳಿಸ್ತು. ಇವನಿಗೂ ನಗು ಹತ್ತಿತು. ಅಪ್‌ಡೇಟು ಹುಬ್ಬಳ್ಳಿ ದಾಟಿ ಊರು ಮುಟ್ಟೋವರೆಗೂ ಅಣ್ಣ ತಮ್ಮ ಮಾತಾಡ್ತಾನೇ ಇದ್ದರು. ಫೋನಿಟ್ಟು, ಕಣ್ಣು ಒರೆಸಿಕೊಂಡು ಹೇಳಿದ:

“ಪಾಸ್‌ವರ್ಡ್ ಬದಲೀ ಮಾಡ್ರಿ ಮೇಡಂ. ಅಣ್ಣನ ಹೆಸರ ಹಾಕ್ರಿ. ಹಿಂಟ್ ಮಾತ್ರ ಅದ ಇರ್ಲಿ.”

ಬೆಳ್ಳಿಹಬ್ಬ

ಇದು ನನ್ನ ಅಂಗಡಿ ಇರೋ ಬಿಲ್ಡಿಂಗಿನ ಓನರ್ ಅಂಕಲ್-ಆಂಟಿಯ ಮದುವೆಯ ಬೆಳ್ಳಿಹಬ್ಬದ ಕಥೆ. ರಾಜಾಜಿನಗರದಲ್ಲಿ ಒಂದು ಹಾಲ್ ಹಿಡಿದಿದ್ದರು. ವೇದಿಕೆ ಮೇಲೆ ದಂಪತಿ, ಅವರ ಹಿಂದೆ ಗೋಡೆಯಗಲದ ಸ್ಕ್ರೀನು, ಅದರಲ್ಲಿ ಮದುವೆ ಕಾಲದ ಫೋಟೋಗಳು ಒಂದಾದ ಮೇಲೊಂದು. ಅಂಕಲ್ ತಮ್ಮ ಹಳೇ ಲ್ಯಾಪ್‌ಟಾಪೇ ಆಗಬೇಕು ಅಂತ ಹಟ ಹಿಡಿದಿದ್ದರಿಂದ ಅದನ್ನ ನೋಡಿಕೊಳ್ಳೋ ಕೆಲಸ ನನ್ನ ತಲೆಗೆ ಬಿತ್ತು. ಅಂಕಲ್ಲಿಗೆ ಕನ್ನಡದ ಮೇಲೆ ಬಲು ಅಭಿಮಾನ. ಲ್ಯಾಪ್‌ಟಾಪೂ ಅವರ ಜೊತೆ ಕನ್ನಡದಲ್ಲೇ ಮಾತಾಡಬೇಕು.

ಇಬ್ಬರೂ ಹಾರ ಕೈಗೆ ತಗೊಂಡರು. ವಾಲಗ ಜೋರಾಯಿತು. ಅದೇ ಹೊತ್ತಿಗೆ ಫೋಟೋ ಮಾಯವಾಗಿ ಲ್ಯಾಪ್‌ಟಾಪು ತಾನೇ ರೀಸ್ಟಾರ್ಟ್ ಆಯಿತು. ಕೀ ಒತ್ತಿದೆ, ವೈರು ಅಲ್ಲಾಡಿಸಿದೆ, ಏನೂ ಉಪಯೋಗವಾಗಲಿಲ್ಲ. ದಂಪತಿಯ ತಲೆ ಮೇಲೆ, ಇಡೀ ಹಾಲಿಗೆ ಕಾಣೋ ಹಾಗೆ ದಪ್ಪ ಅಕ್ಷರ ಮೂಡಿತು:

‘ಅಪ್‌ಡೇಟ್ ವಿಫಲವಾಗಿದೆ. ಹಿಂದಿನ ಸ್ಥಿತಿಗೆ ಮರಳಿಸಲಾಗುತ್ತಿದೆ.’

ವಾಲಗದವರೂ ಊದೋದು ನಿಲ್ಲಿಸಿದರು. ಅಂಗಡಿ ಖಾಲಿ ಮಾಡು ಅಂತಾರೇನೋ ಅಂತ ನಾನು ಲ್ಯಾಪ್‌ಟಾಪಿನ ಹಿಂದೆ ತಲೆ ತಗ್ಗಿಸಿ ಕೂತೆ. ಆಂಟಿ ತಿರುಗಿ ಅದನ್ನ ನಿಧಾನವಾಗಿ ಓದಿಕೊಂಡು, ಮೈಕ್ ಎತ್ತಿಕೊಂಡರು.

“ಮದುವೆಯಾದಾಗಿನಿಂದ ನಾನೂ ಇವರನ್ನ ಅಪ್‌ಡೇಟ್ ಮಾಡ್ತಾನೇ ಇದೀನಿ. ಪ್ರತೀ ಸಲಾನೂ ಇದೇ ಆಗೋದು!”

ಹಾಲ್ ಪೂರ್ತಿ ಗೊಳ್ಳೆಂದಿತು. ಅಂಕಲ್ ಬಿಡ್ತಾರಾ? ಮೈಕಿಗೆ ಬಾಯಿ ತಂದು, “ಹಳೇ ವರ್ಷನ್ ನೋಡಿ ಒಪ್ಪಿಗೆ ಒತ್ತಿದ್ದು ನೀನೇ ಅಲ್ವೇನೇ?” ಅಂದರು.

“ಒತ್ತಿದ್ದು ನಾನಲ್ಲಾರೀ, ನಮ್ಮಪ್ಪ!”

ಎಲ್ಲರೂ ಮುಂದಿನ ಸಾಲಿನ ಕಡೆ ತಿರುಗಿದರು. ಅಲ್ಲಿ ಆಂಟಿಯ ಅಪ್ಪ ಕೂತಿದ್ದರು. ಎಂಬತ್ತು ದಾಟಿದವರು, ಆದರೂ ಮೊಬೈಲ್ ಮಾತ್ರ ಕೈ ಬಿಡದವರು. ಕೋಲೂರಿ ಎದ್ದು ನಿಂತು, ಮಗಳಿಗೆ ಕೈ ಮುಗಿದು ಕೂಗಿದರು:

“ಷರತ್ತೆಲ್ಲಾ ಓದ್ದೇನೇ ‘ಒಪ್ಪಿದ್ದೇನೆ’ ಅಂತ ಒತ್ತಿಬಿಟ್ಟೆ ಕಣಮ್ಮಾ!”