ಆರೂವರೆಗೆ ಸರಿಯಾಗಿ ಇಳಿಯುವ ಪರದೆಗೆ ಕೋಮಾ ಸೊಸೆಯ ಬಿನ್ನಹ

ಮಾನ್ಯ ವಿದ್ಯುತ್ ಪರದೆಯವರೇ,

ತಮಗೆ ಅನಂತ ವಂದನೆಗಳು. ಹಿರಿಯರಿಗೆ ನಿಂತುಕೊಂಡು ವಂದಿಸುವುದು ಮರ್ಯಾದೆಯೆಂದು ನನಗೂ ಗೊತ್ತು, ಆದರೆ ಇಳಿಯುವಾಗಲೆಲ್ಲ ತಾವು ನನ್ನನ್ನು ಕಂಡಿರುವುದು ಮಲಗಿದ ಭಂಗಿಯಲ್ಲೇ ಆದ್ದರಿಂದ ಇದನ್ನೂ ಹಾಗೆಯೇ ಸ್ವೀಕರಿಸಬೇಕೆಂದು ಕೋರುತ್ತೇನೆ. ತಮ್ಮ ಮೋಟಾರು, ಹಗ್ಗ, ರಾಟೆ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ತಮ್ಮ ಸ್ವಿಚ್ ಪೆಟ್ಟಿಗೆಯ ಪಕ್ಕದಲ್ಲಿ ದಾರ ಕಟ್ಟಿ ನೇತುಹಾಕುತ್ತಿರುವುದು ತಮಗೆ ಓದಲು ಅನುಕೂಲವಾಗಲೆಂದೇ ಹೊರತು, ದಿನಾ ಅಲ್ಲೇ ನಿಂತು ಕಾಫಿ ಕುಡಿಯುವ ನಿರ್ದೇಶಕರ ಕಣ್ಣಿಗೆ ಬೀಳಲಿ ಎಂಬ ಕುಚೇಷ್ಟೆಯಿಂದ ಖಂಡಿತ ಅಲ್ಲ.

ಧಾರಾವಾಹಿಗಳನ್ನು ಗೇಲಿ ಮಾಡುತ್ತಿದ್ದ ಟೀವಿಯ ಹತ್ತು ನಿಮಿಷದ ಕಾರ್ಯಕ್ರಮವನ್ನು ನಮ್ಮ ತಂಡ ಎರಡೂವರೆ ಗಂಟೆಯ ಸಂಗೀತ ನಾಟಕವಾಗಿ ಹಿಗ್ಗಿಸಿರುವುದಕ್ಕೆ ತಾವೇ ಸಾಕ್ಷಿ. ಅದರಲ್ಲಿ ನಾನು ಕಿರಿಯ ಸೊಸೆ. ಮೊದಲ ದೃಶ್ಯದಲ್ಲೇ ಮೆಟ್ಟಿಲಿನಿಂದ ಉರುಳಿ ಕೋಮಾಕ್ಕೆ ಹೋಗಿ, ಕೊನೆಯ ದೃಶ್ಯದಲ್ಲಿ ಎದ್ದು ಕೂತು, ನನ್ನನ್ನು ತಳ್ಳಿದವರು ಯಾರೆಂದು ಐದು ನಿಮಿಷದ ಹಾಡಿನಲ್ಲಿ ಬಯಲು ಮಾಡಬೇಕಾದವಳು. ವಾರವಿಡೀ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳ ಸರದಿ ಕೂಗುವ ನಾನು, ಶನಿವಾರ ಭಾನುವಾರ ಈ ತಂಡದ ಮೇಳದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹದಿನಾರು ವರ್ಷ ಬರೀ 'ಆ...' ಎಂದಿದ್ದೇನೆ. ಒಬ್ಬಳೇ ಹಾಡುವ ಹಾಡು ಸಿಕ್ಕಿದ್ದು ಇದೇ ಮೊದಲು. ಅದು ಹಸ್ತಪ್ರತಿಯ ಕೊನೆಯ ಹಾಳೆಯ ಹಿಂಬದಿಯಲ್ಲಿದೆ, ನಮ್ಮ ನಿರ್ದೇಶಕರೋ ಹಾಳೆ ಮಗುಚಿ ನೋಡುವ ಪೈಕಿಯವರಲ್ಲ.

ತಂಡದಲ್ಲಿ ಸಮಯಪಾಲನೆ ಎಂಬುದು ಉಳಿದಿದ್ದರೆ ಅದು ತಮ್ಮೊಬ್ಬರಲ್ಲಿ ಮಾತ್ರ ಎಂದು ಹೇಳಲು ನನಗೆ ಹೆಮ್ಮೆ. ಏಳು ಗಂಟೆಗೆ ಕುರ್ಚಿಗಳನ್ನು ಸರಿಸಿ ಟೇಬಲ್ ಟೆನಿಸ್ ಆಡುವವರು ಬರುತ್ತಾರೆಂದು ಸಭಾಂಗಣದ ವ್ಯವಸ್ಥಾಪಕರು ತಮಗೆ ಟೈಮರ್ ಕಟ್ಟಿದ್ದಾರೆ. ಅದನ್ನು ತಲೆಯ ಮೇಲೆ ಹೊತ್ತು ತಾವು ಆರೂವರೆಗೆ, ಒಂದು ಸೆಕೆಂಡೂ ಆಚೀಚೆಯಾಗದಂತೆ, ಗುರ್ರೆನ್ನುತ್ತಾ ಇಳಿದುಬಿಡುತ್ತೀರಿ. ನಾವಾದರೋ ಅಷ್ಟು ಹೊತ್ತಿಗೆ ಇನ್ನೂ ಅತ್ತೆಯ ಹಾಡಿನಲ್ಲೇ ಇರುತ್ತೇವೆ. ಟೀವಿಯಲ್ಲಿ ಆಘಾತವಾದಾಗಲೆಲ್ಲ ಕ್ಯಾಮೆರಾ ಒಬ್ಬೊಬ್ಬರ ಮುಖಕ್ಕೂ ಮೂರು ಸಲ ನುಗ್ಗುತ್ತಿತ್ತು. ರಂಗದ ಮೇಲೆ ಕ್ಯಾಮೆರಾ ಇಲ್ಲದ್ದರಿಂದ ನಟರೇ ಡ್ರಮ್ಮಿನ ಏಟಿಗೆ ಮೂರು ಸಲ ಮುಂದಕ್ಕೆ ನುಗ್ಗುತ್ತಾರೆ, ಒಂಬತ್ತು ಜನ, ಹನ್ನೊಂದು ಆಘಾತ. ಸಾಲದ್ದಕ್ಕೆ, ಲೋಟದ ಅಂಚಿನಲ್ಲಿ ಲಿಪ್‌ಸ್ಟಿಕ್ಕಿನ ಗುರುತು ಕಂಡು ಅತ್ತೆ ಹಾಡುವ ಅನುಮಾನದ ಹಾಡಿಗೆ ಪ್ರೇಕ್ಷಕರು 'ಇನ್ನೊಂದ್ಸಲ!' ಎಂದು ಕೂಗುತ್ತಾರೆ, ಆ ಪುಣ್ಯಾತ್ಮಳು ಒಂದು ಸಲ ಕೇಳಿದರೆ ಎರಡು ಸಲ ಹಾಡುತ್ತಾಳೆ. ಹೀಗಾಗಿ ಹತ್ತೊಂಬತ್ತು ಪ್ರಯೋಗವಾದರೂ ನಾನು ಒಮ್ಮೆಯೂ ಎದ್ದಿಲ್ಲ.

ಮಲಗಿರುವುದು ಸುಲಭವೆಂದು ತಾವು ಭಾವಿಸಬಾರದು. ಮನೆಯವರೆಲ್ಲ ಕಾಫಿ ಟ್ರೇ, ಉಯಿಲು, ಸೂಟ್‌ಕೇಸು, ಕಡೆಗೆ ಫೋನನ್ನೂ ನನ್ನ ಹೊಟ್ಟೆಯ ಮೇಲೆಯೇ ಇಟ್ಟು ಜಗಳವಾಡುತ್ತಾರೆ. ಐದನೆಯ ಪ್ರಯೋಗದಲ್ಲಿ ಅತ್ತೆಯ ಪೌಡರು ಮೂಗಿಗೆ ಹೋಗಿ ನಾನು ಸೀನಿಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ; ಆದರೆ ಆ ಸೀನಿಗೂ ಒಂಬತ್ತು ಮಂದಿ ಮೂರು ಮೂರು ಸಲ ಆಘಾತಗೊಂಡು, ಅವತ್ತು ಹೇಗೋ ಉಳಿದಿದ್ದ ನಾಲ್ಕು ನಿಮಿಷವೂ ಮಣ್ಣುಪಾಲಾಯಿತು. ಮಾರನೆಯ ದಿನ ಗ್ರೀನ್‌ರೂಮಿನಲ್ಲಿ 'ರೋಗಿಯು ಜೀವಂತಿಕೆಯನ್ನು ಪ್ರದರ್ಶಿಸತಕ್ಕದ್ದಲ್ಲ' ಎಂಬ ಸೂಚನೆ ಅಂಟಿಸಿದ್ದರು. ಇತ್ತ ಕ್ಲಿನಿಕ್ಕಿನಲ್ಲಿ, ಅರ್ಧ ಬಾಯಿ ಮರಗಟ್ಟಿಸಿಕೊಂಡ ರೋಗಿಯೊಬ್ಬರು ನನ್ನ ಕೈ ಹಿಡಿದು 'ಮೇಡಂ, ನಿಮ್ಮನ್ನ ತಳ್ಳಿದ್ದು ಯಾರು?' ಎಂದು ತೊದಲುತ್ತಾ ಕೇಳಿದರು. ಹಾಡದೆ ಹೇಗೆ ಹೇಳಲಿ?

ಇದನ್ನೆಲ್ಲ ನಾನು ನಕ್ಕು ಸಹಿಸಿಕೊಂಡಿದ್ದೆ, ನನ್ನ ಅಮ್ಮ ಬರುವವರೆಗೆ. ಅವಳ ಕಿವಿ ಈಚೆಗೆ ಮಂದವಾಗಿದೆ. ಹೊಲಿಗೆ ಯಂತ್ರ ತುಳಿಯುತ್ತಾ ಹಾಡಿಕೊಂಡೇ ನನಗೆ ರಾಗ ಹಿಡಿಸಿದವಳು, ನನ್ನ ಒಂಟಿ ದನಿ ಕೇಳಬೇಕೆಂದೇ ಹೊಸ ಶ್ರವಣಯಂತ್ರ ಹಾಕಿಸಿಕೊಂಡು, ಎರಡು ಬಸ್ಸು ಬದಲಾಯಿಸಿ ಬಂದು ಮೊದಲ ಸಾಲಿನಲ್ಲಿ ಕೂತಿದ್ದಳು. ತಾವು ಎಂದಿನಂತೆ ಇಳಿದಿರಿ. ಅವಳು ಒಳಗೆ ಬಂದು ನನ್ನ ತಲೆ ಸವರಿ 'ಚೆನ್ನಾಗಿ ಮಲಗಿದ್ದೆ ಕಣೇ. ಹಾಡು ಯಾವಾಗ?' ಅಂದಳು. ಮಾನ್ಯರೇ, ಅವತ್ತು ನನಗೆ ನಿಜಕ್ಕೂ ಅಳು ಬಂತು.

ಅಲ್ಲಿಯವರೆಗೆ 'ಮುಂದಿನ ವಾರ ಟೈಮರ್ ಸರಿ ಮಾಡಿಸೋಣಮ್ಮ' ಎನ್ನುತ್ತಿದ್ದ ನಿರ್ದೇಶಕರು, ಅಷ್ಟರಲ್ಲಿ ಪತ್ರಿಕೆಯಲ್ಲಿ ವಿಮರ್ಶೆ ಬಂದದ್ದೇ ತಡ, ಮಾತು ಬದಲಿಸಿದರು. 'ಸೊಸೆ ಕೊನೆಗೂ ಏಳುವುದಿಲ್ಲ, ರಹಸ್ಯ ಬಯಲಾಗುವುದೂ ಇಲ್ಲ. ಮುಗಿಯದ ಧಾರಾವಾಹಿಗಳಿಗೆ ಇದಕ್ಕಿಂತ ದಿಟ್ಟ ಅಣಕವಿಲ್ಲ' ಎಂದು ವಿಮರ್ಶಕರು ಬರೆದಿದ್ದರು. ನಿರ್ದೇಶಕರು ಅದನ್ನು ಚೌಕಟ್ಟು ಹಾಕಿಸಿಕೊಂಡು, 'ನೀವು ಏಳದೇ ಇರೋದೇ ನಾಟಕದ ಜೀವಾಳ ಕಣಮ್ಮ, ನಾನು ಮೊದಲೇ ಹಾಗೆ ಯೋಚನೆ ಮಾಡಿದ್ದೆ' ಎಂದರು. ತಮ್ಮ ಟೈಮರು ಮಾಡಿದ ಕೆಲಸಕ್ಕೆ ಅವರು ಹಾರ ಹಾಕಿಸಿಕೊಂಡರಲ್ಲ, ಇದಕ್ಕೆ ತಮಗಾದರೂ ಹೊಟ್ಟೆ ಉರಿಯಬೇಡವೇ?

ಆದಕಾರಣ, ಬರುವ ಭಾನುವಾರದ ಇಪ್ಪತ್ತನೆಯ ಹಾಗೂ ಕೊನೆಯ ಪ್ರಯೋಗದಂದು ತಾವು ದಯಮಾಡಿ ಐದು ನಿಮಿಷ ಸೊಂಟ ಹಿಡಿದುಕೊಂಡವರಂತೆ ಅಲ್ಲೇ ಮೇಲೆ ನಿಲ್ಲಬೇಕು. ಅದಾಗದಿದ್ದರೆ ಅತ್ತೆಯ ಎರಡನೆಯ 'ಇನ್ನೊಂದ್ಸಲ'ಕ್ಕೆ ಸರಿಯಾಗಿ ಅವಳೊಬ್ಬಳ ಮುಂದೆ ಮಾತ್ರ ಇಳಿಯಬೇಕು. ಅದೂ ಆಗದಿದ್ದರೆ ಗಡಿಯಾರಕ್ಕೆ ಬುದ್ಧಿ ಹೇಳಬೇಕು. ಅಮ್ಮ ಮತ್ತೆ ಬರುತ್ತಿದ್ದಾಳೆ. ಶ್ರವಣಯಂತ್ರಕ್ಕೆ ಹೊಸ ಬ್ಯಾಟರಿಯನ್ನೂ ಹಾಕಿಸಿದ್ದಾಳೆ.

ಹತ್ತೊಂಬತ್ತು ಸಲ ತಮ್ಮ ಹಿಂದೆಯೇ ಉಳಿದರೂ ಇಂದಿಗೂ
ತಮ್ಮ ವಿಶ್ವಾಸಿ,
ಕಿರಿಯ ಸೊಸೆ (ಕೋಮಾ)

ಮರೆತ ಮಾತು: ಇದನ್ನು ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ, ಆದ್ದರಿಂದ ನಿರ್ದೇಶಕರ ಭಯವಿಲ್ಲ. ನನ್ನ ಮಂಚಕ್ಕೆ ನಾಲ್ಕು ಚಕ್ರಗಳಿವೆ. ಅವುಗಳಿಗೆ ಬ್ರೇಕು ಹಾಕುವುದು ನರ್ಸ್ ಪಾತ್ರದವಳ ಕೆಲಸ; ಭಾನುವಾರ ಆಕೆ ಅದನ್ನು ಮರೆಯಲಿದ್ದಾಳೆ, ಆರೂ ಇಪ್ಪತ್ತೊಂಬತ್ತಕ್ಕೆ ಮಂಚವನ್ನು ತಾವು ಇಳಿಯುವ ಗೆರೆ ದಾಟುವಷ್ಟು ಮುಂದಕ್ಕೆ ನೂಕಲಿದ್ದಾಳೆ. ಆದ್ದರಿಂದ ಮೇಲಿನ ಕೋರಿಕೆಗಳನ್ನೆಲ್ಲ ತಾವು ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. ಆರೂವರೆಗೆ ಸರಿಯಾಗಿ, ತಮ್ಮ ಎಂದಿನ ಘನತೆಯಿಂದ, ಅತ್ತೆ, ನಿರ್ದೇಶಕರು, ಆಘಾತಗಳು ಸಮೇತ ಎಲ್ಲವನ್ನೂ ಮುಚ್ಚಿಕೊಂಡು ಇಳಿದುಬಿಡಿ. ನಾನು ಆಗ ತಮ್ಮ ಈಚೆ, ಅಮ್ಮನ ಎದುರಿಗೆ, ಎದ್ದು ಕೂತಿರುತ್ತೇನೆ.